ಮರಳುಗಾಡಿನಲ್ಲಿ ನೀರಿನ ಹೆಜ್ಜೆ ಹಿಡಿದು

ಹಿಮ! ರಾಜಸ್ಥಾನದ ಮರಳುಗಾಡಿನಲ್ಲಿ, ರಸ್ತೆಯಿಂದ ನಾಲ್ಕು ಮಾರು ದೂರದಲ್ಲಿ, ಹಿಮನದಿ ಹರಿದುಹೋದ ಗುರುತು!

ಬಿಕಾನೇರ್‌ನಿಂದ ಜೈಸಲ್ಮೇರ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೋಲಾಯತ್ ದಾಟಿ, ಫಲೋದಿಗೆ ಮುಂಚೆ ಬಾಪ್ ಅನ್ನುವ ಊರು ಸಿಗುತ್ತದೆ. ಕಾರಿನವರು ಅಲ್ಲಿ ಚಹಾಕ್ಕೆ ನಿಂತರೆ ಹೆಚ್ಚು. ನಾವು ಸೈಕಲ್ ಸ್ಟ್ಯಾಂಡ್ ಹಾಕಿ ಬಯಲಿಗಿಳಿದೆವು. ಕಾಲಡಿಯಲ್ಲೆಲ್ಲ ಕಲ್ಲು. ಮುಷ್ಟಿಯಷ್ಟಿನವು, ತಲೆಯಷ್ಟಿನವು, ಇಬ್ಬರು ಸೇರಿದರೂ ಅಲುಗದಂಥವು. ಕೆಂಪು, ಬೂದು, ಹಸಿರು ಛಾಯೆಯ ಕಪ್ಪು. ಒಂದರ ಜಾತಿ ಇನ್ನೊಂದಕ್ಕಿಲ್ಲ. ನಮ್ಮ ಜೊತೆಗಿದ್ದ ಮೈಸೂರಿನ ಭೂವಿಜ್ಞಾನದ ಮೇಡಂ ಒಂದನ್ನೆತ್ತಿ ನನ್ನ ಅಂಗೈಗಿಟ್ಟರು. ಒಂದು ಮೈ ಚಪ್ಪಟೆಯಾಗಿ ಉಜ್ಜಿಹೋಗಿತ್ತು. ಅದರ ಮೇಲೆ ಒಂದರ ಪಕ್ಕ ಒಂದು, ಒಂದೇ ದಿಕ್ಕಿಗೆ ಎಳೆದ ಸಣ್ಣ ಸಣ್ಣ ಗೀರು. ಉಗುರು ಹಾಕಿ ಎಳೆದರೆ ತಟತಟ ತಡೆಯುತ್ತದೆ.

“ಇದನ್ನ ಗೀಚಿದ್ದು ಮಂಜುಗಡ್ಡೆ,” ಎಂದರು ಮೇಡಂ. “ಸುಮಾರು 30 ಕೋಟಿ ವರ್ಷದ ಹಿಂದೆ.”

“ನಂಬೂದ್ಹೆಂಗ್ರಿ ಮೇಡಂ ಇದನ್ನ?” ಅಂದ ವಿಜಯಪುರದ ಹುಡುಗ.

ನಂಬಲೇಬೇಕು! ಆಗ ಭಾರತ ಇಲ್ಲಿರಲಿಲ್ಲ. ಆಫ್ರಿಕಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾಗಳಿಗೆ ಅಂಟಿಕೊಂಡು ಗೊಂಡ್ವಾನ ಎಂಬ ಮಹಾಖಂಡದ ಭಾಗವಾಗಿ ದಕ್ಷಿಣ ಧ್ರುವದ ಕಡೆಗಿತ್ತು. ಹಿಮನದಿಗಳು ಬೆಟ್ಟದಿಂದ ಕಿತ್ತ ಬಂಡೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ತಳದ ಶಿಲೆಗೆ ತೇಯುತ್ತಾ ತೆವಳಿ ಬಂದವು. ಕರಗಿದಲ್ಲಿ ಹೊರೆ ಇಳಿಸಿ ಹೋದವು. ಒಡಿಶಾದ ತಾಲ್ಚೇರ್‌ನಲ್ಲಿ ಅದೇ ಹಿಮಯುಗದ ಬಂಡೆಗಳಿವೆ, ಇಲ್ಲಿ ಬಾಪ್‌ನಲ್ಲಿ ಇವು. ಇನ್ನೊಂದು ಮಾತು ಕೇಳಿ. ಇಲ್ಲಿಂದ ಅರ್ಧ ದಿನ ಪೆಡಲ್ ತುಳಿದರೆ ಸಿಗುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಯಿತು. ದೇಶದಲ್ಲೇ ಅದುವರೆಗೆ ಅಳೆದ ಅತಿ ಹೆಚ್ಚು ತಾಪ! ದೇಶ ಕಂಡ ಕಡುಬಿಸಿಲೂ ಧ್ರುವದ ಹಿಮವೂ ಒಂದೇ ಹೆದ್ದಾರಿಯ ಮೇಲೆ, ಒಂದೇ ದಿನದ ಸವಾರಿಯೊಳಗೆ.

ಅಲ್ಲಿಂದಾಚೆಗೆ ನಮ್ಮ ಸವಾರಿಯ ಬಣ್ಣವೇ ಬದಲಾಯಿತು. ಮರಳು ನೋಡಲು ಹೊರಟವರು ನೀರು ಹುಡುಕತೊಡಗಿದೆವು. ಹಿಮವಾಗಿದ್ದ ನೀರು, ಕಡಲಾಗಿದ್ದ ನೀರು, ಕಲ್ಲಾದ ಕಾಡು ಒಮ್ಮೆ ಕುಡಿದಿದ್ದ ನೀರು, ಈಗ ಹಗ್ಗದ ತುದಿಯಲ್ಲಿ ಮೇಲೆ ಬರುವ ನೀರು. ಬಿಕಾನೇರ್‌ನಿಂದ ಗಡಿಯ ತನೋಟ್‌ವರೆಗೆ, ಸುಮಾರು 450 ಕಿಲೋಮೀಟರ್ ಉದ್ದಕ್ಕೂ ಥಾರ್ ನಮಗೆ ತೋರಿಸಿದ್ದು ನೀರನ್ನೇ.

ಯಶವಂತಪುರದಿಂದ ಬಿಕಾನೇರ್‌ಗೆ ರೈಲಿದೆ. ನಮ್ಮ ಸೈಕಲ್‌ಗಳು ಗೋಣಿಯಲ್ಲಿ ಕಟ್ಟಿಸಿಕೊಂಡು ಅದರ ಲಗೇಜ್ ಬೋಗಿಯಲ್ಲೇ ಬಂದವು. ಬೆಂಗಳೂರು, ಮೈಸೂರು, ದಾವಣಗೆರೆ, ಹುಬ್ಬಳ್ಳಿ, ವಿಜಯಪುರದವರು ಕೂಡಿದ ಗುಂಪು. ಹಿಂದೆ ನೀರಿನ ಕ್ಯಾನು, ಅಡುಗೆ ಸಾಮಾನು, ಟೆಂಟು ಹೊತ್ತ ಒಂದು ಪಿಕಪ್. ಜನವರಿಯಾದ್ದರಿಂದ ಮಧ್ಯಾಹ್ನ ಬಿಸಿಲು ಹಿತ, ರಾತ್ರಿ ಮಾತ್ರ ಮೂಳೆ ಕೊರೆಯುವ ಚಳಿ: ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ, ನೆಲ ಹಗಲೆಲ್ಲ ಕುಡಿದ ಬಿಸಿಯನ್ನು ಹೊತ್ತು ಮುಳುಗಿದ್ದೇ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಚಳಿಗಾಲದ ಗಾಳಿ ಹೆಚ್ಚಾಗಿ ಈಶಾನ್ಯದಿಂದ, ನಮ್ಮ ದಾರಿ ನೈಋತ್ಯಕ್ಕೆ. ಅಂದರೆ ಬೆನ್ನಿಗೆ ಗಾಳಿ! ಸೈಕಲ್ ತುಳಿಯುವವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇಲ್ಲ.

ಸೈಕಲ್ಲಿನ ವೇಗ ಈ ನೆಲಕ್ಕೆ ಹೇಳಿ ಮಾಡಿಸಿದ್ದು. ನಡೆದರೆ ದಿನಕ್ಕೆ ಒಂದೇ ಬಯಲು ಕಂಡೀತು, ಕಾರಿನಲ್ಲಿ ಎಲ್ಲ ಬಯಲೂ ಒಂದೇ ಅನ್ನಿಸೀತು. ಗಂಟೆಗೆ ಹದಿನೈದು–ಹದಿನೆಂಟು ಕಿಲೋಮೀಟರ್‌ನಲ್ಲಿ ಮಣ್ಣಿನ ಬಣ್ಣ ತಿರುಗುವುದು ಕಣ್ಣಿಗೆ ಬೀಳುತ್ತದೆ. ಎಕ್ಕದ ಗಿಡ ಹಿಂದಾಗಿ ಫೋಗ್ ಎಂಬ ಎಲೆಯಿಲ್ಲದ ಪೊದೆ ಶುರುವಾಗುವ ಗಡಿ ತಿಳಿಯುತ್ತದೆ. ಕುರಿ ಹಿಂಡಿನ ವಾಸನೆ ಹಿಂಡಿಗಿಂತ ಮೊದಲು ಬರುತ್ತದೆ.

ಮುಳ್ಳಂತೂ ಮೊದಲ ಬೆಳಿಗ್ಗೆಯೇ ಪರಿಚಯವಾಯಿತು. ಡೇರೆ ಹಾಕಿದ್ದ ಜಾಗದಿಂದ ರಸ್ತೆಗೆ ಬರುವಷ್ಟರಲ್ಲಿ ಮೂರ್ನಾಲ್ಕು ಟ್ಯೂಬು ಪಂಚರ್! ಟೈರಿನಿಂದ ಚಿಮಟದಲ್ಲಿ ಕಿತ್ತು ನೋಡಿದರೆ ನಮ್ಮ ನೆಗ್ಗಿಲು. ಕಾಯಿ ಒಣಗಿ ಒಡೆದು ಹೋಳಾಗುತ್ತದೆ, ಹೋಳಿಗೆ ಎರಡು ದೊಡ್ಡ ಮುಳ್ಳು. ಹೇಗೆ ಬಿದ್ದರೂ ಒಂದಾದರೂ ಮೇಲಕ್ಕೆ ಮುಖ ಮಾಡಿರುತ್ತದೆ. ಅದರ ಪಕ್ಕದಲ್ಲೇ ಬಳ್ಳಾರಿ ಜಾಲಿ. ಮಧ್ಯ ಕರ್ನಾಟಕದ ಕೆರೆಯಂಗಳಗಳನ್ನು ನುಂಗಿರುವ ಅದೇ ಮೆಕ್ಸಿಕೋ ಮೂಲದ ಗಿಡ ಇಲ್ಲಿ ದಿಬ್ಬಗಳನ್ನು ಏರಿ ಕುಳಿತಿದೆ.

ಆದರೆ ನಮ್ಮನ್ನು ನಿಜಕ್ಕೂ ಸೈಕಲ್‌ನಿಂದ ಇಳಿಸಿದ್ದು ಬೇರೆ ಮರ. ಹೊಲದ ನಡುವೆ ಒಂಟಿಯಾಗಿ, ರೆಂಬೆಗಳನ್ನೆಲ್ಲ ಸವರಿಸಿಕೊಂಡು ಗಂಟುಗಂಟಾಗಿ ನಿಂತಿತ್ತು. ವಿಜಯಪುರದ ಹುಡುಗ ಹತ್ತಿರ ಹೋಗಿ ಎಲೆ ಮುಟ್ಟಿದ. “ಅಣ್ಣಾ, ಇದು ನಮ್ಮ ಬನ್ನಿ ಅಲ್ಲೇನ್ರಿ?”

ಬನ್ನಿಯೇ! ಇಲ್ಲಿಯವರ ಖೇಜ್ಡಿ. ವಿಜಯದಶಮಿಯ ಸಂಜೆ ಬಂಗಾರವೆಂದು ಕೈಯಿಂದ ಕೈಗೆ ದಾಟಿಸಿ, ಹಿರಿಯರ ಕಾಲಿಗೆರಗಿ ಕೊಡುವ ಎಲೆ. ನಮಗೆ ವರ್ಷಕ್ಕೊಂದು ದಿನ ಬಂಗಾರ, ಈ ಜನಕ್ಕೆ ವರ್ಷವಿಡೀ. ಸೊಪ್ಪು ಮೇಕೆ ಒಂಟೆಗಳಿಗೆ, ಎಳೆಗಾಯಿ ಸಾಂಗ್ರಿ ಪಲ್ಯಕ್ಕೆ, ಕಡಿದ ರೆಂಬೆ ಒಲೆಗೆ, ಬೇರು ಆಳಕ್ಕಿಳಿದು ಬೇರೆ ಗಿಡಗಳಿಗೆ ಎಟುಕದ ನೀರನ್ನು ಕುಡಿಯುತ್ತದೆ. ಅದರ ಬುಡದಲ್ಲಿ ಸಜ್ಜೆ ಹುಲುಸಾಗಿ ಬರುತ್ತದೆ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಅರಮನೆಯ ಕೆಲಸಕ್ಕೆ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಎಂಬ ಬಿಷ್ಣೋಯಿ ಹೆಣ್ಣುಮಗಳು ಮರವನ್ನಪ್ಪಿ ನಿಂತಳು. ಆಕೆಯ ಹಿಂದೆ ಒಟ್ಟು 363 ಜನ ಪ್ರಾಣ ಕೊಟ್ಟರು. ಶಾಲೆಯಲ್ಲಿ ಓದಿದ್ದೆ. ಆ ಮರ ನಮ್ಮ ಬನ್ನಿ ಎಂದು ಆ ಪುಸ್ತಕ ಹೇಳಿರಲಿಲ್ಲ. ಹುಡುಗ ಎರಡೆಲೆ ಕಿತ್ತು ಮೇಡಂ ಕೈಗಿತ್ತು ನಮಸ್ಕರಿಸಿದ, ಜನವರಿಯಲ್ಲಿ!

ಫಲೋದಿಯಿಂದ ಮಗ್ಗುಲಲ್ಲೇ ಖೀಚನ್. ಬೆಳಕು ಹರಿಯುವ ಮುಂಚೆ ಹೊರಟೆವು. ಊರು ಇನ್ನೂ ಕಾಣುತ್ತಿಲ್ಲ, ಸದ್ದು ಮಾತ್ರ ಬರುತ್ತಿದೆ: ಕ್ರೂಂಕ್, ಕ್ರೂಂಕ್, ಸಾವಿರ ಗಂಟಲಿನಿಂದ. ಆಮೇಲೆ ಆಕಾಶದ ಒಂದಂಚಿನಿಂದ ಸಾಲು ಸಾಲಾಗಿ ಕುರ್ಜಾ ಹಕ್ಕಿಗಳು! ಕೊಕ್ಕರೆಗಿಂತ ಠೀವಿಯ, ಬೂದು ಮೈಯ, ಕಪ್ಪು ಕತ್ತಿನ, ಕಣ್ಣಿನ ಹಿಂದೆ ಬಿಳಿ ಕುಚ್ಚು ಬಿಟ್ಟುಕೊಂಡ ಡೆಮಾಯ್ಸೆಲ್ ಕ್ರೇನ್‌ಗಳು. ಕ್ರೇನ್ ಕುಲದಲ್ಲೆಲ್ಲ ಚಿಕ್ಕವು, ತೂಕ ಎರಡು ಮೂರು ಕಿಲೋ. ಅಷ್ಟು ಮೈ ಹೊತ್ತು ಮಂಗೋಲಿಯಾ, ಮಧ್ಯ ಏಷ್ಯಾಗಳ ಹುಲ್ಲುಗಾವಲಿನಿಂದ ಹೊರಟು ಹಿಮಾಲಯವನ್ನೇ ದಾಟಿ ಬರುವ ಹಿಂಡುಗಳಿವೆ. ಊರವರು ಬೇಲಿ ಕಟ್ಟಿದ ಅಂಗಳದಲ್ಲಿ ಪ್ರತಿದಿನ ಕಾಳು ಚೆಲ್ಲುತ್ತಾರೆ. ಯಾವ ಕಾಳು? ಜೋಳ! ನಮ್ಮ ಹುಡುಗನ ಮುಖ ನೋಡಬೇಕಿತ್ತು. ತಿಂದಾದ ಮೇಲೆ ಹಿಂಡು ಊರಾಚೆಯ ಹಳೆಯ ಕೆರೆಗಳಿಗೆ ನೀರು ಕುಡಿಯಲು ಹಾರಿತು. ಮಳೆನೀರು ಹಿಡಿಯಲು ಹಿಂದಿನವರು ತೋಡಿದ ಕೆರೆಗಳಿಲ್ಲದೆ ಕಾಳೊಂದರಿಂದಲೇ ಈ ಅತಿಥಿಗಳು ನಿಲ್ಲುತ್ತಿರಲಿಲ್ಲ. 2025ರಲ್ಲಿ ಖೀಚನ್ ರಾಮ್ಸರ್ ತಾಣಗಳ ಪಟ್ಟಿ ಸೇರಿತು. ಮರುಭೂಮಿಯ ಊರೊಂದು ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಯಲ್ಲಿ!

ಪೋಖರಣ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1974ರ ಮೇ 18ರ ಅಣುಪರೀಕ್ಷೆಯ ಹೊತ್ತಿಗೆ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಚುಕ್ಕಾಣಿ ಹಿಡಿದಿದ್ದವರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಎಂಬುದನ್ನು ನೆನೆದು, ಚಹಾ ಕುಡಿದು ಮುಂದಕ್ಕೆ ತುಳಿದೆವು. ಜೈಸಲ್ಮೇರ್ ಕರೆಯುತ್ತಿತ್ತು.

ಹಳದಿ ಕೋಟೆ ದಿಗಂತದಲ್ಲಿ ಎದ್ದಾಗ ಗುಂಪಿಗೆ ಗುಂಪೇ ಕೂಗಿತು. 1156ರಲ್ಲಿ ರಾವಲ್ ಜೈಸಲ ಕಟ್ಟಿಸಲು ತೊಡಗಿದ, ಇಂದಿಗೂ ಜನ ಒಳಗೆ ಒಲೆ ಹಚ್ಚಿ ಬಾಳುತ್ತಿರುವ ಕೋಟೆ. ಬುರುಜು, ಹವೇಲಿ, ಜಾಲಂಧ್ರ ಎಲ್ಲರೂ ನೋಡುತ್ತಾರೆ. ಮೇಡಂ ನಮ್ಮನ್ನು ಒಂದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲಿಸಿದರು. ಹಳದಿ ಕಲ್ಲಿನೊಳಗೆ ಬಿಳಿ ಅರ್ಧಚಂದ್ರಗಳು, ಪಕ್ಕೆಲುಬಿನಂಥ ಗೆರೆಗಳು. ಚಿಪ್ಪು! ಕಡಲ ಚಿಪ್ಪು! ಸುಮಾರು 17 ಕೋಟಿ ವರ್ಷದ ಹಿಂದೆ ಇಲ್ಲಿ ಬೆಚ್ಚಗಿನ, ಆಳವಿಲ್ಲದ ಕಡಲು ಮಲಗಿತ್ತು. ಅದರ ತಳದ ಸುಣ್ಣ ಗಟ್ಟಿಯಾಗಿ ಕಲ್ಲಾಯಿತು. ಆ ಕಲ್ಲು ಈ ಕೋಟೆ. ಇದೇ ಸೀಮೆಯ ಕಲ್ಲಿನಲ್ಲಿ ಉದ್ದ ಕತ್ತಿನ ಸಸ್ಯಾಹಾರಿ ಡೈನೋಸಾರೊಂದರ ಮೂಳೆಗಳು ಸಿಕ್ಕವು, 16.7 ಕೋಟಿ ವರ್ಷ ಹಳೆಯದಾದ ಅದಕ್ಕೆ ಐಐಟಿ ರೂರ್ಕಿ ಮತ್ತು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಶೋಧಕರು 2023ರಲ್ಲಿ ಥಾರೋಸಾರಸ್ ಎಂದು ಹೆಸರಿಟ್ಟರು. ಕಡಲ ದಂಡೆಯಲ್ಲಿ ಡೈನೋಸಾರ್, ದಂಡೆಯ ಮೇಲೆ ಕೋಟೆ, ಕೋಟೆಯ ನೆರಳಲ್ಲಿ ನಮ್ಮ ಸೈಕಲ್‌ಗಳು!

ಕಡಲಿಗಿಂತ ಮುಂಚೆ ಏನಿತ್ತು? ಬಾರ್ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್ ತುಳಿದರೆ ಉತ್ತರ ಬಿಸಿಲಲ್ಲಿ ಬಿದ್ದಿದೆ. ಆಕಲ್. 21 ಹೆಕ್ಟೇರ್ ಬೋಳುಗುಡ್ಡ, ಅದರ ಮೇಲೆ ಕಬ್ಬಿಣದ ಜಾಲರಿಯೊಳಗೆ ಮರದ ದಿಮ್ಮಿಗಳು. ಅತಿ ಉದ್ದದ್ದು ಸುಮಾರು 13 ಮೀಟರ್. ತೊಗಟೆಯ ಬಿರುಕು ಇದೆ, ನಾರಿನ ಎಳೆ ಇದೆ, ನಿನ್ನೆ ಸಂಜೆ ಹಿತ್ತಿಲಲ್ಲಿ ಸೀಳಿಟ್ಟ ಸೌದೆಯಂತೆಯೇ ಇದೆ. ಬೆರಳಿನಿಂದ ತಟ್ಟಿದರೆ ಠಣ್! ಕಲ್ಲು. 18 ಕೋಟಿ ವರ್ಷ. ಮರ ಹೂಳಿನಡಿ ಹೂತಾಗ ಕೊಳೆಯಲು ಗಾಳಿ ಸಿಗಲಿಲ್ಲ. ನೆಲದ ನೀರು ತನ್ನಲ್ಲಿ ಕರಗಿದ್ದ ಖನಿಜವನ್ನು ಮರದ ಒಂದೊಂದು ಕೋಶಕ್ಕೂ ತುಂಬುತ್ತಾ ಹೋಯಿತು. ಕೊನೆಗೆ ಮರ ಹೋಗಿ ಅದರ ಅಚ್ಚು ಮಾತ್ರ ಉಳಿಯಿತು, ನಾರು ನಾರಾಗಿ. ಈ ಕಾಡು ಬೆಳೆಯಲು ಎಷ್ಟು ಮಳೆ ಬೇಕಾಗಿದ್ದಿರಬೇಕು! ಇವತ್ತು ಇಲ್ಲಿ ವರ್ಷಕ್ಕೆ ಬೀಳುವುದು 200 ಮಿಲಿಮೀಟರ್‌ಗೂ ಕಡಿಮೆ. ಹಿಮ, ಕಾಡು, ಕಡಲು, ಮರಳು: ನಾಲ್ಕನ್ನೂ ಒಂದೇ ವಾರದೊಳಗೆ ಎರಡು ಗಾಲಿಯ ಮೇಲೆ ದಾಟಿದೆವೆಂದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಕುಲ್ಧರಾಕ್ಕೆ ಜನ ಬರುವುದು ಪಾಳುಮನೆ ನೋಡಲು. ಪಾಲಿವಾಲ ಬ್ರಾಹ್ಮಣರು ಊರು ಬಿಟ್ಟುಹೋದ ಕತೆಯನ್ನು ಗೈಡ್‌ಗಳು ಹತ್ತು ಬಗೆಯಲ್ಲಿ ಹೇಳುತ್ತಾರೆ. ಆ ಕತೆಗಿಂತ ಬೆರಗಿನದು ಆ ಜನ ಬಿಟ್ಟುಹೋದ ವಿದ್ಯೆ. ಸುತ್ತ ಕಲ್ಲುದಿಬ್ಬ, ನಡುವೆ ತಗ್ಗು. ದಿಬ್ಬದ ಮೇಲೆ ಬಿದ್ದ ಮಳೆ ಇಂಗದೆ ತಗ್ಗಿಗೆ ಓಡುತ್ತದೆ. ತಗ್ಗಿನ ಅಂಚಿಗೆ ಮಣ್ಣಿನ ಒಡ್ಡು ಹಾಕಿದರೆ ನೀರು ನಿಲ್ಲುತ್ತದೆ, ಮೆಲ್ಲಗೆ ಇಂಗುತ್ತದೆ, ಹೂಳು ಸೇರಿ ಮಣ್ಣು ಕೊಬ್ಬುತ್ತದೆ. ನೀರಿಳಿದ ಮೇಲೆ ಆ ತೇವದಲ್ಲಿ ಗೋಧಿ, ಕಡಲೆ ಬಿತ್ತಿದರೆ ಮತ್ತೆ ಒಂದು ಹನಿಯೂ ಹಾಯಿಸಬೇಕಿಲ್ಲ. ಇದು ಖಡೀನ್. ಹದಿನೈದನೇ ಶತಮಾನದಿಂದ ಪಾಲಿವಾಲರು ಇದನ್ನು ಕೈಗೂಡಿಸಿಕೊಂಡರು ಎನ್ನುತ್ತಾರೆ. ನಾವು ಕಂಡಾಗ ಖಡೀನೊಂದರಲ್ಲಿ ಮೊಣಕಾಲೆತ್ತರದ ಹಸಿರು ಗೋಧಿ. ಬೋಳು ಬಂಡೆಯ ನಡುವೆ!

ಜೈಸಲ್ಮೇರ್ ಬಿಟ್ಟು ವಾಯವ್ಯಕ್ಕೆ, ರಾಮಗಢದ ದಾರಿ ಹಿಡಿದ ಮೇಲೆ ಬೆನ್ನಿಗಿದ್ದ ಗಾಳಿ ಮಗ್ಗುಲಿಗೆ ಬಂತು. ಓರೆಯಾಗಿ ಸಾಲುಗಟ್ಟಿ, ಮುಂದಿನವರ ಮರೆಯಲ್ಲಿ ಹಿಂದಿನವರು ತುಳಿದೆವು. ವಿಜಯಪುರ–ಬಾಗಲಕೋಟೆ ಸೀಮೆಗೆ ಸೈಕಲ್ ರೇಸಿನ ಹುಚ್ಚು ಹಳೆಯದು. ಹುಡುಗ ಎಲ್ಲರಿಗಿಂತ ಹೆಚ್ಚು ಹೊತ್ತು ಗಾಳಿಗೆ ಎದೆಕೊಟ್ಟ. ದಾರಿಯುದ್ದಕ್ಕೂ ಗಾಳಿಯಂತ್ರಗಳು, ಅವುಗಳ ನಡುವೆ ವಿದ್ಯುತ್ ತಂತಿ. ಸಿರಿಗುಪ್ಪದ ಬಯಲಿನಲ್ಲಿ ನಮ್ಮಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡು ಹಕ್ಕಿಗೆ ದೇಶದಲ್ಲಿ ಕೊನೆಯ ದೊಡ್ಡ ಆಸರೆ ಈ ಜೈಸಲ್ಮೇರ್ ಹುಲ್ಲುಗಾವಲು. ಭಾರೀ ಮೈಯ ಆ ಹಕ್ಕಿಗೆ ಎದುರಿನ ತಂತಿ ಬೇಗ ಕಾಣುವುದಿಲ್ಲ, ಕಂಡರೂ ತಿರುಗಲಾಗುವುದಿಲ್ಲ. ಗಾಳಿಯ ಕರೆಂಟು ಬೇಕು, ಹೌದು. ಆ ತಂತಿ ಹಕ್ಕಿಯ ದಾರಿಯಲ್ಲಾದರೂ ನೆಲದಡಿ ಹೋಗಲೇಬೇಕು.

ಇಂದಿರಾಗಾಂಧಿ ಕಾಲುವೆಯ ಕವಲುಗಳು ಈ ಸೀಮೆಯವರೆಗೂ ಬಂದಿವೆ. 1958ರಲ್ಲಿ ಕೆಲಸ ಶುರುವಾದ ಈ ಕಾಲುವೆಗೆ ನೀರು ಪಂಜಾಬಿನ ಹರಿಕೆ ಅಣೆಯಿಂದ. ಮೂಲದಿಂದ ತುದಿಗೆ 649 ಕಿಲೋಮೀಟರ್. ಸಾಸಿವೆ ಹೊಲದ ಹಳದಿಯಂಚಿಗೆ ಮರಳುದಿಬ್ಬ ಮುಟ್ಟಿಕೊಂಡಿರುವುದನ್ನು ನೋಡುತ್ತಾ ಪೆಡಲ್ ತುಳಿಯುವುದೇ ಮರೆತುಹೋಗುತ್ತದೆ.

ಲೋಂಗೇವಾಲಾ ದಾರಿಯಲ್ಲಿ ಮರಳು ರಸ್ತೆಗೇ ಬಂತು. ಟೈರಿನ ಗಾಳಿ ಇಳಿಸಿದರೆ ರಬ್ಬರ್ ಅಗಲವಾಗಿ ನೆಲ ಹಿಡಿಯುತ್ತದೆ, ಹೂತುಕೊಳ್ಳುವುದು ಕಡಿಮೆ. ಕಾರಿನಲ್ಲಿ ಲಿಬಿಯಾದ ಮರಳುಗಾಡು ಸುತ್ತಿದ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್‌ಗೆ ಈ ಉಪಾಯ ಗೊತ್ತಿತ್ತು. ಮರಳು ಗಾಳಿಯಲ್ಲಿ ಹೇಗೆ ಸಾಗುತ್ತದೆ ಎಂಬುದರ ಬಗ್ಗೆ 1941ರಲ್ಲಿ ಅವರು ಬರೆದ ಪುಸ್ತಕವನ್ನು ಇಂದಿಗೂ ವಿಜ್ಞಾನಿಗಳು ತೆರೆಯುತ್ತಾರೆ. ನಾನು ದಿಬ್ಬದ ಮೇಲೆ ಹೊಟ್ಟೆಯಡಿಯಾಗಿ ಮಲಗಿ ನೋಡಿದೆ. ಕಣಗಳು ಹಾರುವುದಿಲ್ಲ, ಜಿಗಿಯುತ್ತವೆ! ಒಂದು ಕಣ ಎದ್ದು, ಸ್ವಲ್ಪ ದೂರ ಬಾಗಿ ಬಿದ್ದು, ಬಿದ್ದ ಏಟಿಗೆ ಇನ್ನೊಂದಷ್ಟನ್ನು ಎಬ್ಬಿಸುತ್ತದೆ. ಇಡೀ ದಿಬ್ಬ ಮೊಣಕಾಲಿಗಿಂತ ಕೆಳಗೆ ಸರಸರ ಹೊರಟಿರುತ್ತದೆ, ತಲೆಯೆತ್ತಿದರೆ ಗಾಳಿ ತಿಳಿ. 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ಸಣ್ಣ ತುಕಡಿ ಇಲ್ಲಿ ಬೆಳಗಾಗುವವರೆಗೂ ಕದಲದೆ ನಿಂತಾಗ, ಎದುರಾಳಿಯ ಟ್ಯಾಂಕುಗಳನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಈ ಮೆತ್ತನೆ ಮರಳಿನದೂ ಪಾಲಿದೆ. ತನೋಟ್‌ನಲ್ಲಿ ಗಡಿ ಭದ್ರತಾ ಪಡೆಯವರು ನಡೆಸುವ ಮಾತೆಯ ಗುಡಿಗೆ ಕೈಮುಗಿದು, 1965ರಲ್ಲಿ ಬಿದ್ದು ಸಿಡಿಯದೆ ಉಳಿದ ಬಾಂಬುಗಳನ್ನು ಕಂಡು, ರಾಮಗಢದ ಕಡೆಗೆ ತಿರುಗಿದೆವು.

ಅಲ್ಲಿ, ರಸ್ತೆ ಬಿಟ್ಟು ಸ್ವಲ್ಪ ಒಳಗೆ, ಈ ಯಾತ್ರೆಯ ಅತಿ ದೊಡ್ಡ ಸೋಜಿಗ ಕಾದಿತ್ತು. ಒಂದು ಬೇರಿ. ಬಾಯಿ ಎಷ್ಟು ಚಿಕ್ಕದೆಂದರೆ ಮರದ ಒಂದು ಮುಚ್ಚಳ ಸಾಕು. ಇಣುಕಿದರೆ ಕತ್ತಲೆ. ಮುಂಡಾಸಿನ ಹಿರಿಯರೊಬ್ಬರು ಹಗ್ಗಕ್ಕೆ ಚರ್ಮದ ಬಕೀಟು ಕಟ್ಟಿ ಇಳಿಬಿಟ್ಟರು, ಎಳೆದರು, ಎಳೆದರು, ಎಳೆದರು. ಕೊನೆಗೆ ಅರ್ಧ ಬಕೀಟು ನೀರು. ಕುಡಿದೆ. ಸಿಹಿ! ಸುತ್ತ ಎಲ್ಲಿ ಕೊಳವೆಬಾವಿ ಕೊರೆದರೂ ಉಪ್ಪುಪ್ಪು ನೀರು ಬರುವ ಈ ನೆಲದಲ್ಲಿ!

ಗುಟ್ಟು ಇಲ್ಲಿದೆ. ಮರಳಿನ ಕೆಳಗೆ ಕೆಲವು ಕಡೆ ಜಿಪ್ಸಮ್ಮಿನ ಬಿಳಿ ಪದರ ಹಾಸಿಕೊಂಡಿದೆ. ಬಿದ್ದ ಮಳೆ ಮರಳಿನಲ್ಲಿಳಿದು ಆ ಪದರದ ಮೇಲೆ ತಡೆಯುತ್ತದೆ. ಪದರದ ಕೆಳಗಿನ ಉಪ್ಪುನೀರಿಗೆ ಬೆರೆಯುವುದಿಲ್ಲ. ಆದರೆ ಅದು ಕೊಳವಾಗಿ ನಿಂತಿರುವುದಿಲ್ಲ, ಕಣ ಕಣದ ನಡುವೆ ತೇವವಾಗಿ ಅಂಟಿಕೊಂಡಿರುತ್ತದೆ. ಮರಳು ಬಿರುಕು ಬಿಡುವುದಿಲ್ಲವಾದ್ದರಿಂದ ತೇವ ಆರಿಹೋಗಲು ದಾರಿಯೂ ಇಲ್ಲ. ಆ ಪದರ ಮುಟ್ಟುವ ಮುಂಚೆ ನಿಲ್ಲುವಂತೆ ಸಪೂರ ಗುಂಡಿ ತೋಡಿದರೆ ಸುತ್ತಲ ತೇವ ಹನಿಹನಿಯಾಗಿ ಒಸರಿ ತಳದಲ್ಲಿ ಕೂಡುತ್ತದೆ. ದಿನಕ್ಕೆ ಕೆಲವೇ ಕೊಡ. ಮಳೆಯ ನೀರು ಪಾಲರ್, ಪಾತಾಳದ ನೀರು ಪಾತಾಲ್, ಇವೆರಡರ ನಡುವಿನ ಈ ತೇವ ರೇಜಾಣಿ. ಅನುಪಮ್ ಮಿಶ್ರ 1995ರಲ್ಲಿ ರಾಜಸ್ಥಾನದ ಮಳೆಹನಿಗಳ ಮೇಲೆ ಬರೆದ ಹಿಂದಿ ಪುಸ್ತಕದಲ್ಲಿ ಇದನ್ನೆಲ್ಲ ಬಿಡಿಸಿಟ್ಟಿದ್ದಾರೆ. ತೋಡುವವನು ಒಳಗೆ ಕುಳಿತು ಗಿಡ್ಡ ಹಿಡಿಯ ಬಸೌಲಿಯಿಂದ ಅಗೆಯುತ್ತಾನೆ, ತಲೆಗೆ ಲೋಹದ ಟೋಪಿ. ಕೆಳಗೆ ಉಸಿರು ಕಟ್ಟುತ್ತದೆ. ಆಗ ಮೇಲಿದ್ದವರು ಮುಷ್ಟಿ ಮುಷ್ಟಿ ಮರಳನ್ನು ಜೋರಾಗಿ ಎಸೆಯುತ್ತಾರೆ. ಮರಳಿನ ಜೊತೆ ತಾಜಾ ಗಾಳಿ ಕೆಳಗಿಳಿಯುತ್ತದೆ, ಬಿಸಿಗಾಳಿ ಮೇಲೇಳುತ್ತದೆ!

“ಕಾಕಾ, ನಮ್ಮ ಹೊಲದಾಗ ಹಿಂಗ ತೋಡಬಹುದೇನ್ರಿ?” ಹುಡುಗ ವಿಜಯಪುರದ ಹಿಂದಿಯಲ್ಲಿ ಕೇಳಿದ.

ಕಾಕಾ ಮೊದಲು ಕೇಳಿದ್ದು ಮಣ್ಣಿನ ಬಗ್ಗೆ. ಎರೆಭೂಮಿ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ ಎಂದಾಗ ತಲೆಯಾಡಿಸಿದರು: ಬಿರಿಯುವ ಮಣ್ಣಿನಲ್ಲಿ ಬೇರಿ ಬಾರದು. ಹುಡುಗ ಬಿಡಲಿಲ್ಲ. ನಮ್ಮಲ್ಲಿ 600 ಮಿಲಿಮೀಟರ್ ಆಸುಪಾಸು ಮಳೆ, ಹೊಲಕ್ಕೆ ಒಡ್ಡು ಹಾಕ್ತೀವಿ, ಮಳೆ ಹಿಂದಾದ ಮೇಲೆ ಬಿಳಿಜೋಳ ಬಿತ್ತುತ್ತೀವಿ, ಆಮೇಲೆ ಆಕಾಶ ಹನಿ ಉದುರಿಸದಿದ್ದರೂ ಎರೆ ಹಿಡಿದಿಟ್ಟ ತೇವದಲ್ಲೇ ತೆನೆ ಕಟ್ಟುತ್ತದೆ ಅಂದ. ಕಾಕಾ ಹಗ್ಗ ಕೆಳಗಿಟ್ಟರು. ಅದು ಖಡೀನ್ ಅಲ್ಲವೇ, ಅಂದರು. ಒಡ್ಡು ಎಷ್ಟೆತ್ತರ? ಹೆಚ್ಚಾದ ನೀರು ಎಲ್ಲಿಂದ ಹೋಗುತ್ತದೆ? ಎಷ್ಟು ಬೆರಳು ಆಳಕ್ಕೆ ಬೀಜ? ಇಬ್ಬರೂ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಬೆರಳಲ್ಲಿ ಗೆರೆ ಎಳೆಯತೊಡಗಿದರು. ಪಿಕಪ್‌ನವನು ಹಾರ್ನ್ ಬಾರಿಸಿದ, ಮತ್ತೆ ಬಾರಿಸಿದ, ಆಮೇಲೆ ತಾನೂ ಇಳಿದು ಬಂದು ಅವರ ಪಕ್ಕ ಕುಳಿತ. ಹಿಂಗಾರಿ ಬಿತ್ತನೆ ಯಾವ ತಿಂಗಳು ಎಂದು ಕಾಕಾ ವಿಚಾರಿಸಿದರು, ಬಿಕಾನೇರ್ ರೈಲು ಹುಬ್ಬಳ್ಳಿ ಮುಟ್ಟಲು ಎಷ್ಟು ಹೊತ್ತು ಎಂದು ಕೇಳಿದರು, ಹುಡುಗನ ಫೋನು ಇಸಿದುಕೊಂಡು ತಮ್ಮ ನಂಬರನ್ನು ತಾವೇ ಒತ್ತಿದರು.